ಹೊರಗೆ ಕೀಲಿ, ಒಳಗೆ ಡ್ಯೂಟಿ

ಕಳೆದ ವರ್ಷ ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕಾರು ದಿನಗಳಾಗಿದ್ದವು. ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗಿ ಬಂದ ದಣಿವು ಆರಿತ್ತು, ಉಳಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇನ್ನೂ ಡಬ್ಬಿಯಲ್ಲಿದ್ದವು. ಆಗ ಒಂದು ದಿನ ನಡೆದದ್ದು ಇದು.

ನಮ್ಮದು ಸಿಂದಗಿ. ಮನೆಯವರು ದೇವರ ಹಿಪ್ಪರಗಿಯಲ್ಲಿ ಹೈಸ್ಕೂಲ್ ಮಾಸ್ತರರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ನಾನು ಮೊದಲು ಇಂಡಿ ಪಟ್ಟಣದ ಒಂದು ಖಾಸಗಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ನಡುದಾರಿಯ ತಾಂಬಾ ಊರು ಬರುವಷ್ಟರಲ್ಲೇ ಬಸ್ಸಿನಲ್ಲಿ ನಿಂತು ನಿಂತು ಸೊಂಟ ಹಿಡಿದುಕೊಳ್ಳುತ್ತಿತ್ತು. ಮಗಳು ಶ್ರಾವಣಿ ಹುಟ್ಟಿದ ಮೇಲೆ ಅದನ್ನು ಬಿಟ್ಟೆ. ಅವಳಿಗೆ ಎರಡು ತುಂಬಿದಾಗ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಮನೆಯಲ್ಲಿ ಇಟ್ಟುಕೊಳ್ಳುವಂಥ ಸಣ್ಣ ಹಿಟ್ಟಿನ ಗಿರಣಿ ಮಾರುವ ಕಂಪನಿ ಅದು. ಗಿರಣಿ ಕೆಟ್ಟವರು ಫೋನ್ ಮಾಡಿದರೆ ಕಂಪನಿ ಕೊಟ್ಟ ಮೊಬೈಲಿಗೆ ಕರೆ ಬರುತ್ತದೆ. ನಾನು ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಅವರ ದೂರು ಕೇಳಿ ಮೆಕ್ಯಾನಿಕ್‌ಗೆ ದಾಟಿಸಬೇಕು. ಎರಡು ಕಟ್ಟಪ್ಪಣೆ. ನಮ್ಮ ಕಡೆಯ ಮಾತು ಆಡಬಾರದು, ಪುಸ್ತಕದ ಕನ್ನಡವೇ ಆಗಬೇಕು. ಮತ್ತೆ ಮನೆಯ ಸಪ್ಪಳ, ಅದರಲ್ಲೂ ಕೂಸಿನ ಅಳು, ಗ್ರಾಹಕರಿಗೆ ಕೇಳಿಸಕೂಡದು. ಅದಕ್ಕೇ ಕರೆ ಬಂದಾಗ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಶ್ರಾವಣಿ ನಡುಮನೆಯಲ್ಲಿ ಆಡಿಕೊಂಡಿರುತ್ತಿದ್ದಳು.

ರಾತ್ರಿ ಊಟಕ್ಕೆ ಕೂತರೆ ನಮ್ಮಿಬ್ಬರದು ಒಂದೇ ಜಗಳ. “ನಿನ್ನ ನಸೀಬ ಛಲೋ ಐತಿ ನೋಡು. ಬಸ್ಸಿನ ಚಿಂತಿಲ್ಲ, ಕೂಸು ಕಣ್ಣ ಮುಂದ ಇರ್ತೈತಿ” ಎಂದು ಅವರು. “ನೀವು ಸಾಲಿ ಗೇಟ್ ದಾಟಿದ್ರ ಕೆಲಸ ಮುಗೀತು. ನನ್ನ ಕೆಲಸಕ್ಕ ಗೇಟೇ ಇಲ್ಲ” ಎಂದು ನಾನು. ಅತ್ತೆಯವರು ಕನ್ನೊಳ್ಳಿಯಲ್ಲಿ ಭಾವನವರ ಮನೆಯಲ್ಲಿದ್ದರು. ಕೂಸನ್ನು ನೋಡಿಕೊಳ್ಳಲು ಬರ್ರಿ ಎಂದು ಕರೆದರೆ, “ನೀ ದಿನಾ ಮನ್ಯಾಗ ಇರ್ತೀಯಲ್ಲವಾ, ನಾ ಬಂದು ಏನು ಮಾಡ್ಲಿ?” ಎನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಓಣಿಯವರಿಗಂತೂ ನಾನು ಮನೆಯಲ್ಲಿದ್ದೇನೆ ಎಂದರೆ ಪುರುಸೊತ್ತಾಗಿದ್ದೇನೆ ಎಂದೇ ಅರ್ಥ. ಸಿಲಿಂಡರ್ ಗಾಡಿ ಬಂದರೆ ಅವರ ಖಾಲಿ ಸಿಲಿಂಡರನ್ನೂ ನಾನೇ ಕೊಡಬೇಕು, ಪಾರ್ಸಲ್ ಬಂದರೆ ನಾನೇ ಇಸಿದುಕೊಳ್ಳಬೇಕು. ಪಕ್ಕದ ಮನೆಯ ನೀಲಮ್ಮ ಸಕ್ಕರೆ ಕೇಳಲು ಬಂದರೆ ಮಗಳ ಬಾಣಂತನದ ಕಥೆ ಮುಗಿಸದೆ ಏಳುತ್ತಿರಲಿಲ್ಲ. ಎರಡು ಸಲ ಕರೆಯ ನಡುವೆ ಅವರ ದನಿ ಗ್ರಾಹಕರಿಗೆ ಕೇಳಿ ನನಗೆ ಬೈಗುಳ ಬಿತ್ತು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಉಪಾಯ ಹೂಡಿದೆವು. ಬೆಳಿಗ್ಗೆ ಅವರು ಸಾಲಿಗೆ ಹೋಗುವಾಗ ಮುಂಬಾಗಿಲಿಗೆ ಹೊರಗಿನಿಂದ ಕೀಲಿ ಜಡಿದು ಹೋಗುವುದು, ಸಂಜೆ ಬಂದು ತೆಗೆಯುವುದು. ಕೀಲಿ ಕಂಡವರು ಯಾರೂ ಇಲ್ಲವೆಂದು ಹೊರಳಿ ಹೋಗುತ್ತಾರೆ. ಇನ್ನೊಂದು ಕೀಲಿಕೈ ಒಳಗೆ ಮೊಳೆಗೆ ತೂಗುತ್ತಿತ್ತು, ಬೇಕಾದರೆ ಕಿಟಕಿಯಿಂದ ಯಾರ ಕೈಗಾದರೂ ಕೊಡಬಹುದು. ಹಿಂದೆ ಹಿತ್ತಲಿತ್ತು, ಅದಕ್ಕೆ ಎತ್ತರದ ಗೋಡೆ, ಮೇಲೆ ಗಾಜಿನ ಚೂರು. ನಾಲ್ಕು ತಿಂಗಳು ಎಲ್ಲ ಸುಸೂತ್ರ ನಡೆಯಿತು. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡಿದ್ದೆವು.

ಆ ದಿನ ಹನ್ನೊಂದರ ಸುಮಾರಿಗೆ ಮೂರು ತುಂಬುತ್ತ ಬಂದಿದ್ದ ಶ್ರಾವಣಿಗೆ ಹಾಲು ಕಾಸಲು ಗ್ಯಾಸಿನ ಮೇಲೆ ಇಟ್ಟಿದ್ದೆ. ಅಷ್ಟರಲ್ಲಿ ಕರೆ ಬಂತು. ಮುದ್ದೇಬಿಹಾಳ ತಾಲ್ಲೂಕಿನ ಗುರಪ್ಪ ಎನ್ನುವವರು. ಹಲೋ ಎನ್ನುವುದಕ್ಕೂ ಬಿಡಲಿಲ್ಲ.

“ಎಷ್ಟ ಸರ್ತಿ ಫೋನ್ ಹಚ್ಚಬೇಕ್ರಿ ನಿಮಗ? ಓಣಿ ಮಂದಿ ಜ್ವಾಳ ತಂದು ನಮ್ಮ ಮನ್ಯಾಗ ಇಟ್ಟಾರ. ನಮ್ಮಾಕಿ ಅದರ ಮ್ಯಾಲೆ ನಾಕ ದುಡ್ಡು ನೋಡ್ತಾಳ. ಮಿಷನ್ ಸುಟ್ಟು ವಾರ ಆತು!”

“ದಯವಿಟ್ಟು ಕ್ಷಮಿಸಿ ಸರ್, ನಿಮ್ಮ ಸಮಸ್ಯೆ ನನಗೆ ಅರ್ಥವಾಗುತ್ತದೆ” ಎಂದೆ. ಹಾಲು ಬೇಕೆಂದು ಶ್ರಾವಣಿ ಸೆರಗು ಜಗ್ಗಿ ಅಳಲು ಬಾಯಿ ತೆರೆದಳು. ಒಳಕೋಣೆಗೆ ಹೋದರೆ ಹಾಲು ಉಕ್ಕುತ್ತದೆ. ಮೊಬೈಲನ್ನು ಅಡುಗೆಮನೆಯ ಸ್ಟೂಲಿನ ಮೇಲಿಟ್ಟು, ಎರಡು ಮಾತಾಡಿ ಬಂದರಾಯಿತು ಎಂದು ಅಲ್ಲಿಂದಲೇ ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಗುರಪ್ಪನವರು ಬೈಯುತ್ತಲೇ ಇದ್ದರು. ನಾನು ಸರ್, ಸರ್ ಎನ್ನುತ್ತ ನಿಂತಿದ್ದೆ. ಆಗ ಬೆನ್ನ ಹಿಂದೆ ಟಕ್ ಎಂದು ಸಪ್ಪಳವಾಯಿತು.

ಬಾಗಿಲು ನೂಕಿದೆ, ಬರಲಿಲ್ಲ. ಅದರ ಕೆಳಗಿನ ಚಿಲಕ ನೆಲದ ತೂತಿಗೆ ಇಳಿಯುವಂಥದ್ದು. ಶ್ರಾವಣಿ ಅದನ್ನು ಒತ್ತಿ ಕೂಡಿಸಿಬಿಟ್ಟಿದ್ದಳು.

“ಶ್ರಾವಣಿ, ಬಾಗಲಾ ತಗಿ ಬಂಗಾರಾ.”

ಒಳಗಿನಿಂದ ಗಂಭೀರವಾದ ಪುಟ್ಟ ದನಿ ಬಂತು. “ನಾ ಡ್ಯೂಟಿ ಮ್ಯಾಲ ಅದೀನಿ. ಗದ್ದಲ ಮಾಡಬ್ಯಾಡ. ಆಮ್ಯಾಲ ಬಾ.”

ಅದು ದಿನಾ ನಾನು ಅವಳಿಗೆ ಹೇಳುವ ಮಾತು. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ.

ಮೊದಲು ನಗು ಬಂತು. ಆಮೇಲೆ ಮೂಗಿಗೆ ಸುಟ್ಟ ಹಾಲಿನ ವಾಸನೆ, ಅದರ ಹಿಂದೆಯೇ ಗ್ಯಾಸಿನ ವಾಸನೆ ಬಡಿಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಹಾಲು ಉಕ್ಕಿ ಉರಿ ನಂದಿಹೋಗಿತ್ತು, ಒಲೆ ಸುಂಯ್ ಎನ್ನುತ್ತಿತ್ತು. ಅದರ ಕೆಳಗೇ ನನ್ನ ಮಗಳು ಸ್ಟೂಲಿನ ಪಕ್ಕ ಕೂತಿದ್ದಳು. ಕಿಟಕಿಗೆ ಕಬ್ಬಿಣದ ಸರಳು, ಅದಕ್ಕೆ ಸೊಳ್ಳೆಯ ಜಾಳಿಗೆ. ಜಾಳಿಗೆ ಹರಿದು ಕೈ ಚಾಚಿದೆ. ಒಲೆಯ ಗುಂಡಿ ಎಟುಕಲಿಲ್ಲ. ಮುಂಬಾಗಿಲಿಗೆ ಕೀಲಿ, ಒಂದು ಕೀಲಿಕೈ ಒಳಗೆ ಮೊಳೆಯಲ್ಲಿ, ಇನ್ನೊಂದು ದೇವರ ಹಿಪ್ಪರಗಿಯಲ್ಲಿ.

“ನೀಲಮ್ಮಾ! ಯಾರರ ಬರ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೂ ಬರಲಿಲ್ಲ. ಕಿವಿಯಲ್ಲಿ ಮಾತ್ರ ಒಂದು ದನಿ, “ಹಲೋ? ಏನ್ರೀ ಮೇಡಂ, ಯಾರಿಗೆ ಕೂಗಾಕತ್ತೀರಿ?”

ಕರೆ ಇನ್ನೂ ಕಟ್ ಆಗಿಲ್ಲ ಎಂಬುದು ಆಗ ಹೊಳೆಯಿತು. ಫೋನ್ ಒಳಗಿದೆ, ನಾನು ಯಾರಿಗೂ ಹಚ್ಚಲಾರೆ. ಈ ಲೋಕದಲ್ಲಿ ನನ್ನ ಮಾತು ಕೇಳಿಸುತ್ತಿರುವುದು ಈ ಒಬ್ಬ ಸಿಟ್ಟಿನ ಮನುಷ್ಯನಿಗೆ ಮಾತ್ರ.

“ಅಣ್ಣಾರ, ಫೋನ್ ಇಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ! ನನ್ನ ಕೂಸು ಒಳಗ ಸಿಕ್ಕೊಂಡೈತ್ರಿ, ಗ್ಯಾಸ್ ಬಿಟ್ಟೈತಿ, ನಾ ಹಿತ್ತಲದಾಗ ಅದೀನ್ರಿ!”

ನೆವ ಹೇಳುತ್ತಿದ್ದಾಳೆ ಎಂದುಕೊಂಡು ಇಟ್ಟುಬಿಟ್ಟರೆ ಎಂದು ಮತ್ತೊಮ್ಮೆ ಅಂಗಲಾಚಿದೆ.

“ಏನವಾ, ನೀ ನಮ್ಮ ಕಡೀಯಾಕಿ ಇದ್ದೀ?” ಅವರ ದನಿಯೇ ಬದಲಾಗಿತ್ತು. “ಯಾವ ಊರು ನಿಂದು?”

“ಸಿಂದಗಿ ರೀ.”

“ಅಳಬ್ಯಾಡ. ನಾ ಫೋನ್ ಇಡೂದಿಲ್ಲ. ಏ, ನಿನ್ನ ಫೋನ್ ತಾರ ಇಲ್ಲೆ!” ಎಂದು ಹೆಂಡತಿಗೆ ಕೂಗಿದ್ದು ಕೇಳಿಸಿತು. ನಮ್ಮ ಮನೆಯವರ ನಂಬರ್ ಬಾಯಿಪಾಠ ಇದ್ದದ್ದು ಪುಣ್ಯ. ಅವರ ಹೆಂಡತಿಯ ಫೋನಿನಿಂದ ಹಚ್ಚಿದರು. ಮಾಸ್ತರರು ಪಾಠದಲ್ಲಿದ್ದರು, ಎತ್ತಲಿಲ್ಲ. ಅಷ್ಟರಲ್ಲಿ ಆ ಹೆಣ್ಣುಮಗಳೇ ಹಿಂದಿನಿಂದ, “ಸಿಂದಗ್ಯಾಗ ನಮ್ಮ ಬೀಗರು ಅದಾರಲ್ರೀ, ಸಂಗಣ್ಣಗ ಹಚ್ರಿ” ಎಂದರು. ಯಾವ ಓಣಿ, ಯಾವ ಗುಡಿಯ ಹತ್ತಿರ, ಬಾಗಿಲಿಗೆ ಯಾವ ಬಣ್ಣ, ಎಲ್ಲ ಗುರಪ್ಪನವರು ನನ್ನಿಂದ ಕೇಳಿಕೊಂಡರು. ಒಂದು ಕಿವಿಗೆ ನಾನು, ಇನ್ನೊಂದು ಕಿವಿಗೆ ಬೀಗರು. ಗ್ಯಾಸಿಗೆ ಕಿಡಿ ಹತ್ತೀತು, ಮನೆಯ ಗಂಟೆ ಮಾತ್ರ ಒತ್ತಬೇಡಿರೆಂದು ನಾನು ಚೀರಿದೆ. ಅದನ್ನೂ ಅವರು ಚೀರಿಯೇ ದಾಟಿಸಿದರು.

ಈಗ ಮಗಳನ್ನು ಒಲೆಯಿಂದ ದೂರ ಕಳಿಸಬೇಕಿತ್ತು. ಚಿಲಕ ಎತ್ತು ಎಂದರೆ ಎತ್ತಲು ನೋಡಿದಳು, ಬರಲಿಲ್ಲ. ನಡುಮನೆಗೆ ಹೋಗು ಎಂದರೆ ತಲೆ ಅಲ್ಲಾಡಿಸಿದಳು, ಡ್ಯೂಟಿ ಅಂತೆ. ಕಣ್ಣೀರು ಒರೆಸಿಕೊಂಡು, ನನ್ನ ಮೇಲಿನವರು ನನ್ನೊಡನೆ ಮಾತಾಡುವ ಠೀವಿಯಲ್ಲೇ ಹೇಳಿದೆ, “ಶ್ರಾವಣಿ ಮೇಡಂ, ನಿಮ್ಮ ಡ್ಯೂಟಿ ಇಲ್ಲಿ ಅಲ್ಲ. ಮುಂಬಾಗಿಲ ಹತ್ತಿರ ಹಾಕಿದ್ದೇವೆ. ಫೋನ್ ಮುಟ್ಟದೆ ಅಲ್ಲಿ ಹೋಗಿ ಕುಳಿತುಕೊಳ್ಳಿ.” ಅವಳು ಎದ್ದು ಫ್ರಾಕು ಸರಿಮಾಡಿಕೊಂಡು “ಓಕೆ ಸರ್” ಎಂದು ಹೋದಳು. ಕಣ್ಣಿಗೆ ಕಾಣದಾದಳು. ಗ್ಯಾಸ್ ಅಲ್ಲಿಗೂ ಹಬ್ಬುತ್ತದೆ ಎಂಬುದು ನನಗೆ ಗೊತ್ತಿತ್ತು. ಕರೆದರೆ ತಿರುಗಿ ಬಂದುಬಿಟ್ಟಾಳು ಎಂದು ಹೆಸರು ಹಿಡಿದು ಕೂಗುವ ಹಾಗೂ ಇರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತೆ.

ಸ್ವಲ್ಪ ಹೊತ್ತಿಗೆ ಗುರಪ್ಪನವರ ದನಿ ಮತ್ತೆ ಬಂತು. ಈ ಸಲ ಬಿಗಿಯಾಗಿತ್ತು.

“ತಂಗೀ, ಖರೇ ಹೇಳು. ಬೀಗರು ಬಾಗಲಾ ಮುಂದ ಬಂದು ನಿಂತಾರ. ಕೀಲಿ ಹಾಕೈತಂತ. ಬಾಜೂ ಮನಿಯಾಕಿ, ಇಲ್ಲೆ ಹಗಲೊತ್ತಿನ್ಯಾಗ ಯಾರೂ ಇರಂಗಿಲ್ಲ, ಗಂಡ ಹೆಂಡತಿ ಇಬ್ಬರೂ ಹೊರಗ ಹೋಗ್ತಾರ, ಸುಮ್ಮ ಹೋಗ್ರಿ ಅನ್ನಾಕತ್ತಾಳ.”

ನಾವೇ ಓಣಿಗೆಲ್ಲ ನಂಬಿಸಿಟ್ಟ ಸುಳ್ಳು, ಈಗ ಸಹಾಯಕ್ಕೆ ಬಂದವರನ್ನೇ ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತಿತ್ತು.

“ಕೀಲಿ ನಾವ ಹಾಕಿಸಿದ್ದು ರೀ ಅಣ್ಣಾರ! ಮಂದಿ ಬರಬಾರದಂತ ಹಾಕಿಸಿದ್ದು! ಒಡೀರಿ, ಬಾಗಲಾ ಮುರೀರಿ! ಕೂಸು ಬಾಗಲದ ಹಿಂದ ಕುಂತೈತಿ, ಕರೀರಿ, ಓ ಅಂತೈತಿ!”

ಸಂಗಣ್ಣ ಹೊರಗಿನಿಂದ “ಏ ಕೂಸಾ!” ಎಂದು ಕರೆದರಂತೆ. ಒಳಗಿನಿಂದ ನನ್ನ ಮಗಳು, “ನಮಸ್ಕಾರ ಸರ್, ನಿಮ್ಮ ಗಿರಣಿಗೆ ಏನಾಗಿದೆ?” ಎಂದಳಂತೆ. ಅದನ್ನು ಕೇಳಿ ನೀಲಮ್ಮ ಎದೆ ಬಡಿದುಕೊಂಡು ತಮ್ಮ ಮನೆಯ ರುಬ್ಬುವ ಒಳಕಲ್ಲಿನ ಗುಂಡನ್ನೇ ಹೊತ್ತು ತಂದರು. ಧಡ್ ಧಡ್ ಸಪ್ಪಳ ಹಿತ್ತಲಿಗೂ ಕೇಳಿಸಿತು. ಸಂಗಣ್ಣ ಒಳಗೆ ಓಡಿ ಗ್ಯಾಸ್ ಬಂದ್ ಮಾಡಿದರು, ಕಿಟಕಿ ತೆಗೆದರು, ಚಿಲಕ ಎತ್ತಿದರು. ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು, ಮೈಯೆಲ್ಲ ಬೆವರು. ಆ ಮುಖವನ್ನು ನಾನು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ. ಅವರ ಹಿಂದೆ ನೀಲಮ್ಮನ ತೋಳಿನಲ್ಲಿ ಶ್ರಾವಣಿ ಕೆಮ್ಮುತ್ತಿದ್ದಳು. ಕಸಿದುಕೊಂಡು ಎದೆಗವಚಿಕೊಂಡೆ.

“ಕೂಸು ಹ್ಯಾಂಗೈತಿ? ಏನರ ಅನ್ನು ತಂಗೀ” ಎಂದು ಕಿವಿಯಲ್ಲಿ ಗುರಪ್ಪನವರು ಕೇಳುತ್ತಲೇ ಇದ್ದರು. ಶ್ರಾವಣಿ ದೊಡ್ಡ ದನಿ ತೆಗೆದು ಅತ್ತಳು. ಕಂಪನಿಯ ಗ್ರಾಹಕರಿಗೆ ಕೂಸಿನ ಅಳು ಕೇಳಿಸಿದ್ದು ಅದೇ ಮೊದಲು. “ಅಳಲಿ ಬಿಡು, ಅಳಲಿ” ಎಂದು ಅವರೂ ಬಿಕ್ಕಿದರು. ಗಿರಣಿಯ ಸುದ್ದಿಯನ್ನು ಅವರು ಎತ್ತಲೇ ಇಲ್ಲ.

ನೀಲಮ್ಮ ನನ್ನ ಬೆನ್ನು ಸವರುತ್ತ, “ನೀ ಕೂಗಿದ್ದು ಕೇಳಿಸಿತ್ತವಾ. ಹೊರಗ ಬಂದು ನೋಡಿದ್ರ ಕೀಲಿ. ಇನ್ನೆಲ್ಲೋ ಟಿವಿ ಹಚ್ಯಾರಂತ ಒಳಗ ಹೋದ್ನಿ” ಎಂದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಪಾಠ ಮುಗಿದ ಮೇಲೆ ಆ ನಂಬರಿಗೆ ತಿರುಗಿ ಹಚ್ಚಿ ಸುದ್ದಿ ತಿಳಿದ ನಮ್ಮ ಮನೆಯವರು ಸಿಕ್ಕ ಗಾಡಿ ಹತ್ತಿ ಓಡಿ ಬಂದರು. ಒಡೆದ ಕೀಲಿ ನೋಡಿ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. “ನೀ ಮನ್ಯಾಗ ಅದೀ ಅಂತ ನಾ ನಿಶ್ಚಿಂತಿಲೆ ಪಾಠ ಮಾಡಾಕತ್ತಿದ್ನೆಲ್ಲ” ಎಂದರು. ನಾನೂ ಹಾಗೇ ತಿಳಿದಿದ್ದೆ.

ಮರುದಿನವೇ ಗುರಪ್ಪನವರ ಮನೆಗೆ ಮೆಕ್ಯಾನಿಕ್ ಹೋಗುವಂತೆ ಮಾಡಿ, ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಅತ್ತೆಯವರು ಕರೆಯದೆಯೇ ಕನ್ನೊಳ್ಳಿಯಿಂದ ಗಂಟು ಕಟ್ಟಿಕೊಂಡು ಬಂದರು. ನಾನು ಮತ್ತೆ ಇಂಡಿಯ ಕಚೇರಿಗೆ ಹೋಗುತ್ತಿದ್ದೇನೆ. ಮನೆಯ ಕೆಲಸ ಕೆಟ್ಟದ್ದು, ಹೊರಗಿನದು ಒಳ್ಳೆಯದು ಎಂದು ಹೇಳಲಾರೆ. ಬಾಗೇವಾಡಿಯ ನನ್ನ ಗೆಳತಿ ಮನೆಯಲ್ಲೇ ಕೆಲಸ ಮಾಡುತ್ತಾಳೆ, ಅವಳ ತಾಯಿ ಜೊತೆಗಿದ್ದಾರೆ, ಛಲೋ ನಡೆದಿದೆ. ನನ್ನ ಮನೆಯಲ್ಲಿ ಮಾತ್ರ ಎಲ್ಲರೂ ನಾನಿದ್ದೇನೆ ಎಂದುಕೊಂಡಿದ್ದರು, ನಾನು ಇರಲಿಲ್ಲ.

ಆ ಸಂಜೆಯ ಒಂದು ಮಾತು ಉಳಿದಿದೆ. ಎಲ್ಲರೂ ಹೋದ ಮೇಲೆ ಶ್ರಾವಣಿಗೆ ಹಾಲು ಕುಡಿಸುತ್ತ, “ಮಮ್ಮಿ ಅಳಾಕತ್ತಿದ್ಲಲ್ಲ ಬಂಗಾರಾ, ಮೊದಲ ಯಾಕ ಬಾಗಲಾ ತಗೀಲಿಲ್ಲ?” ಎಂದು ಕೇಳಿದೆ. ಅವಳು ಲೋಟದಿಂದ ಬಾಯಿ ತೆಗೆದು ನನ್ನನ್ನು ನೋಡಿದಳು. ಸಿಟ್ಟಿಲ್ಲ, ದೂರಿಲ್ಲ, ಗೊತ್ತಿದ್ದದ್ದನ್ನೇ ಹೇಳುವವರ ಹಾಗೆ ಹೇಳಿದಳು.

“ನಾ ಅತ್ತರ ನೀನೂ ತಗಿಯೂದಿಲ್ಲಲ್ಲ.”

ಈಗಲೂ ಬೆಳಿಗ್ಗೆ ನಾನು ಹೊರಟಾಗ ಅವಳು ಒಮ್ಮೊಮ್ಮೆ ಅಳುತ್ತಾಳೆ. ಚೀಲ ಕೆಳಗಿಟ್ಟು ಎತ್ತಿಕೊಳ್ಳುತ್ತೇನೆ, ಅವಳು ತಾನಾಗಿ ಇಳಿಯುವವರೆಗೆ ಇಳಿಸುವುದಿಲ್ಲ. ಇಂಡಿ ಬಸ್ಸು ಎಷ್ಟೋ ಸಲ ತಪ್ಪಿದೆ.