ನೆಂಟರಿಗೆಂದು ಹಾಕಿದ ಬೆಸುಗೆ

ಡಾಕ್ಟರೇಟ್ ಪದವಿ ಕೈಗೆ ಬರುವ ಮೊದಲೇ ಊರಿನವರು ಸೆರ್ವಾಳನ್ನು ಡಾಕ್ಟರ್ ಎಂದು ಕರೆಯಲು ಶುರುಮಾಡಿದ್ದರು. ಮೂವತ್ತನಾಲ್ಕು ವಯಸ್ಸು, ಕುಮಾಸಿ ನಗರದ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಐದು ವರ್ಷದ ಸಂಶೋಧನೆ. ಮದುವೆಯ ಮಾತೆತ್ತಿದವರಿಗೆಲ್ಲ "ಮೊದಲು ನನ್ನ ಹಂಡೆಗಳು ಒಡೀಲಿ, ತಡೀರಿ" ಎಂಬ ಒಂದೇ ಉತ್ತರ.

ಹಂಡೆ ಒಡೆಯುವುದೇ ಅವಳ ಓದು. ತಾಳೆಹಣ್ಣು ಬೇಯಿಸಲು ನಮ್ಮ ಗ್ಯಾರೇಜಿನವರು ಹಳೆ ಕಬ್ಬಿಣದಿಂದ ಮಾಡುವ ಆವಿಹಂಡೆ ಎಷ್ಟು ಒತ್ತಡ ತಡೆಯುತ್ತದೆ ಎಂದು ಯಾರೂ ಅಳೆದಿರಲಿಲ್ಲ. ಅವಳು ಗ್ಯಾರೇಜಿನ ಹಿರಿಯ ಬೆಸುಗೆಗಾರ ಮಾಸ್ಟರ್ ಅಗ್ಯೆಮಾಂಗ್‌ರಿಂದ ಹನ್ನೆರಡು ಹಂಡೆ ಮಾಡಿಸಿ, ನೀರು ತುಂಬಿ, ಪಂಪು ಹೊಡೆದು, ಒಂದೊಂದಾಗಿ ಸೀಳಿದಳು. ಹದಿನೈದು ಬಾರ್ ಒತ್ತಡಕ್ಕಿಂತ ಕಡಿಮೆಯಲ್ಲಿ ಒಂದೂ ಸೀಳಲಿಲ್ಲ. ಮೂರರಲ್ಲಿ ನಡೆಸುತ್ತಿರುವ ಹಂಡೆಗಳನ್ನು ಧೈರ್ಯವಾಗಿ ಆರಕ್ಕೆ ಏರಿಸಬಹುದು ಎಂದು ಬರೆದಳು. ಅವಳ ಮಾರ್ಗದರ್ಶಕ ಪ್ರೊಫೆಸರ್ ಬಾಫೋ ಸಹಿ ಹಾಕಿ ಆ ಪುಟವನ್ನು ಎಣ್ಣೆ ಗಿರಣಿಗಳಿಗೆಲ್ಲ ಕಳಿಸಿದರು. ಅಷ್ಟು ಅವಸರ ಯಾಕಿತ್ತೋ ಆ ಮನುಷ್ಯನಿಗೆ!

ಶುಕ್ರವಾರ ಮೌಖಿಕ ಪರೀಕ್ಷೆ. ಬುಧವಾರ ಬೆಳಿಗ್ಗೆ ಅವಳು ಪರೀಕ್ಷೆಯ ದಿನ ಬನ್ನಿ ಎಂದು ಮಾಸ್ಟರನ್ನು ಕರೆಯಲು ಹೋದಳು. ಮುದುಕ ಉಬ್ಬಿಹೋದ.

"ಪಾಸಾಗದೆ ಏನು ಮಾಡ್ತೀಯಮ್ಮ! ನಿನ್ನ ಹಂಡೆಗೆ ಬೆಸುಗೆ ರಾಡಿನ ಹೊಸ ಡಬ್ಬಿ ಒಡೆದು, ರಾಡುಗಳನ್ನ ಒಣಗಿಸಿ, ನಾನೇ ಕೂತು ಬೆಸೆದಿದ್ದೀನಿ."

"ಎಲ್ಲಾ ಹಂಡೆಗೂ ಹಾಗೇ ತಾನೆ ಮಾಡೋದು, ಮಾಸ್ಟರ್?"

"ಎಲ್ಲಾದಕ್ಕೂ? ಒಳ್ಳೆ ಕಥೆ! ಅವಕ್ಕೆಲ್ಲ ಆ ಮೂಲೇಲಿ ಬಿದ್ದಿರೋ ರಾಡೇ ಸಾಕು. ನೀನು ನೆಂಟಳು. ನೆಂಟರ ತಟ್ಟೆಗೆ ಮೂಳೆ ಬಡಿಸ್ತಾರಾ?"

ಮೂಲೆಯಲ್ಲಿ ಸೋರುವ ತಗಡಿನ ಕೆಳಗೆ ತೇವ ಹಿಡಿದ ರಾಡಿನ ಕಟ್ಟುಗಳಿದ್ದವು. ಅವುಗಳಿಂದ ಹಾಕಿದ ಬೆಸುಗೆ ಒಳಗೊಳಗೇ ಬಿರುಕು ಬಿಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಐದು ವರ್ಷ ಈ ಅಂಗಳದಲ್ಲೇ ಕೂತು ಮುಸುಕಿನಜೋಳದ ಕೆಂಕೆ ಮುದ್ದೆ ತಿಂದವಳು ಒಮ್ಮೆಯೂ ಕೇಳಿರಲಿಲ್ಲ. ದೊಡ್ಡವರ ಕೆಲಸವನ್ನು ಪ್ರಶ್ನಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದಳು. ಈಗ ಅವಳು ಫೋನು ತೆಗೆದಳು.

ಊರಲ್ಲಿ ಅವಳ ಚಿಕ್ಕಮ್ಮ ಕೊನಾಡು ಎಣ್ಣೆ ಗಿರಣಿ ನಡೆಸುತ್ತಿದ್ದಳು. ಅಲ್ಲಿಯ ಹಂಡೆಯೂ ಮಾಸ್ಟರದ್ದೇ. ಸೆರ್ವಾ ಫೋನಿನ ಮೇಲೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಸಿಕ್ಕ ಟ್ರೋಟ್ರೋ ವ್ಯಾನು ಹತ್ತಿ ಎರಡು ಗಂಟೆ ಉಗುರು ಕಚ್ಚುತ್ತ ಕೂತಳು.

ಗಿರಣಿಯಲ್ಲಿ ಕೊನಾಡು ಸೇರಿ ಒಂಬತ್ತು ಹೆಂಗಸರು ಹಾಡಿಕೊಂಡು ಹಣ್ಣು ಬಿಡಿಸುತ್ತಿದ್ದರು. ಹಂಡೆಯ ಒತ್ತಡಮಾಪಕದ ಮುಳ್ಳು ಐದು ದಾಟಿತ್ತು. ಹೊಸ ಹಸಿರು ಬಣ್ಣದ ಕೆಳಗೆ, ಬೆಸುಗೆಯ ಉದ್ದಕ್ಕೂ, ಕೂದಲೆಳೆಯಷ್ಟು ತೇವ ಕಾಣುತ್ತಿತ್ತು.

"ಒಲೆಯ ಬೆಂಕಿ ಹೊರಗೆಳೀರಿ! ಎಲ್ಲರೂ ಹೊರಗೆ ಬನ್ನಿ!"

"ಅಯ್ಯೋ, ಡಾಕ್ಟರಮ್ಮ ಬಂದ್ರು! ಊಟ ಆಯ್ತೇನೇ?" ಕೊನಾಡು ನಕ್ಕಳು. "ಆರರ ತನಕ ಏನೂ ಆಗಲ್ಲ ಅಂತ ನೀನೇ ಬರೆದಿದ್ದೀಯಲ್ಲೇ."

"ತಪ್ಪು ಬರೆದೆ, ಚಿಕ್ಕಮ್ಮ. ನಾನು ಒಡೆದ ಹಂಡೆಗಳೇ ಬೇರೆ, ಇದೇ ಬೇರೆ."

"ಪರೀಕ್ಷೆ ಭಯಕ್ಕೆ ತಲೆ ಕೆಟ್ಟಿದೆ ಕಣ್ರೇ ಇವಳಿಗೆ. ಸಹಿ ಹಾಕಿರೋ ದೊಡ್ಡ ಮನುಷ್ಯರು ಹೇಳ್ಲಿ, ಆರಿಸ್ತೀನಿ."

ಸೆರ್ವಾ ಪ್ರೊಫೆಸರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು. "ಪ್ರೊಫ್, ನನ್ನ ಪ್ರಬಂಧ ತಪ್ಪು. ಪದವಿ ಬೇಡ ನನಗೆ. ಹಂಡೆ ಆರಿಸಿ ಅಂತ ಇವರಿಗೆ ನೀವೊಂದು ಮಾತು ಹೇಳಿ."

ಆ ಕಡೆ ಪ್ರೊಫೆಸರ್ ಕಾಗದ ಮಗುಚಿದ ಸದ್ದು. ಆಮೇಲೆ, "ಸೆರ್ವಾ, ನಿನಗೆ ನಿದ್ದೆಯಿಲ್ಲ, ಅಷ್ಟೇ. ಲೆಕ್ಕ ಎಲ್ಲ ಸರಿಯಾಗಿದೆ. ಸುಮ್ಮನೆ ಹೆಂಗಸರನ್ನ ಹೆದರಿಸಬೇಡ. ಶುಕ್ರವಾರ ಹತ್ತಕ್ಕೆ ಬಾ."

"ಕೇಳಿದೆಯಾ?" ಎಂದು ಕೊನಾಡು ಒಣನಾರಿನ ಬುಟ್ಟಿಯನ್ನು ಒಲೆಗೆ ಸುರಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಮುಳ್ಳು ಆರರ ಕಡೆ ಸರಿಯಿತು.

ಸೆರ್ವಾ ಮತ್ತೆ ವಾದಿಸಲಿಲ್ಲ. ಹತ್ತಿರವಿದ್ದವಳ ರಟ್ಟೆ ಹಿಡಿದು ರಸ್ತೆಯಾಚೆಯ ಮಾವಿನ ಮರದವರೆಗೆ ಎಳೆದುಕೊಂಡು ಹೋದಳು. ಆಮೇಲೆ ಇನ್ನೊಬ್ಬಳನ್ನು. ಅವರಿಬ್ಬರೂ ಬೈಯುತ್ತ ಅಲ್ಲೇ ನಿಂತರು. ಒಳಗೆ ಕೊನಾಡು ಸೇರಿ ಇನ್ನೂ ಏಳು ಜನರಿದ್ದರು. ಸೆರ್ವಾ ಮೂರನೆಯವಳಿಗಾಗಿ ಒಳಗೆ ಹೋದಳು.