ಹೆಸರು ಕೇಳದೆ ಹಿಡಿದಿಟ್ಟ ಸೀಟು

ತಿಕೋಟಾದಲ್ಲಿ ವಿಜಯಪುರದ ಬಸ್ ಹತ್ತಿದಾಗ ಎಂದಿನಂತೆ ಜನ ತುಂಬಿದ್ದರು. ಕಂಬ ಹಿಡಿದು ನಿಂತೆ. ಹೊನವಾಡದಿಂದ ದಿನಾ ಬರುವ ಹೆಂಗಸೊಬ್ಬರು ಪಕ್ಕದ ಸೀಟಿಗೆ ಹಾಕಿದ್ದ ಟವೆಲ್ ತೆಗೆದು ನನ್ನನ್ನೇ ಕರೆದರು.

“ಬರ್ರಿ ಅಕ್ಕಾರ, ಕೂಡ್ರಿ. ನಿಮ್ಮ ಸಲುವಾಗೇ ಹಿಡದೇನಿ.”

ಮುಖಪರಿಚಯವಿತ್ತು, ಮಾತು ಅದೇ ಮೊದಲು. ಬಸ್ ಹೊರಟ ಮೇಲೆ ಅವರು ಮೆಲ್ಲಗೆ ಕೇಳಿದರು, “ಎಡಗಡೆ ಮೊಣಕಾಲ ಬ್ಯಾನಿ ಈಗ ಹ್ಯಾಂಗೈತ್ರಿ?”

ಆ ನೋವನ್ನು ಮನೆಯಲ್ಲೂ ಹೇಳಿರಲಿಲ್ಲ. ಬರೆದದ್ದು ನನ್ನ ಬ್ಲಾಗಿನಲ್ಲಿ ಮಾತ್ರ, ಅದರಲ್ಲಿ ನನ್ನ ಹೆಸರಿಲ್ಲ, ಫೋಟೊ ಇಲ್ಲ. ಅತ್ತೆಯ ಸಿಟ್ಟಿನಿಂದ ಹಿಡಿದು ಕಚೇರಿ ಸಾಹೇಬರ ಮಧ್ಯಾಹ್ನದ ಗೊರಕೆಯವರೆಗೆ ಎಲ್ಲ ಬರೆದುಕೊಂಡವಳು ನಾನು. ಗೊತ್ತಾದರೆ ಎರಡೂ ಕಡೆ ಪಂಚಾಯ್ತಿ. ತಿಕೋಟಾದ ಬಸ್ಸಿನಲ್ಲಿ ಬಲಗಾಲಿನ ಮೇಲಷ್ಟೇ ಭಾರ ಹಾಕಿ ನಿಲ್ಲುತ್ತೇನೆಂದು ಹೋದ ವಾರ ಬರೆದಿದ್ದೆ. ಇವರು ಅದನ್ನು ಓದಿ, ನಿಂತವರ ಕಾಲು ನೋಡುತ್ತಾ ನನ್ನ ಗುರುತು ಹಿಡಿದರೇ? ಕೇಳಲು ಬಾಯಿ ತೆರೆದೆ.

“ನಾ ಏನೂ ಕೇಳಂಗಿಲ್ರಿ, ನೀವೂ ಏನೂ ಹೇಳಬ್ಯಾಡ್ರಿ. ಬರಿಯೂದು ಮಾತ್ರ ಬಿಡಬ್ಯಾಡ್ರಿ,” ಎಂದು ಕಿಟಕಿಯತ್ತ ತಿರುಗಿದರು.

ಈಗ ದಿನಾ ಒಟ್ಟಿಗೇ ಹೋಗುತ್ತೇವೆ. ದ್ರಾಕ್ಷಿ, ಬಿಸಿಲು, ಮಕ್ಕಳ ಶಾಲೆ ಎಲ್ಲ ಮಾತಾಡುತ್ತೇವೆ, ಬ್ಲಾಗಿನ ಸುದ್ದಿ ಬಿಟ್ಟು. ಅವರ ಹೆಸರನ್ನು ನಾನೂ ಕೇಳಿಲ್ಲ. ಆದರೆ ಬ್ಲಾಗಿಗೆ ಹೆಸರಿಲ್ಲದ ಪ್ರತಿಕ್ರಿಯೆ ಬಂದಾಗಲೆಲ್ಲ, ಇದು ಅವರದೇ ಇರಬಹುದೇ ಎಂದು ಎರಡೆರಡು ಸಲ ಓದುತ್ತೇನೆ.