ಲಾಳಿಕೆ ಕಂಡರೆ ಓಡಿ ಬರುವ ಬಾತುಗಳು

ನಮ್ಮ ಕಾಸ್ತೆಲ್‌ಮುರಾ ಊರಿನಲ್ಲಿ ಎಲ್ಲರ ತಲೆಯೂ ಒಂದಲ್ಲ ಒಂದು ದಿನ ನನ್ನ ಕತ್ತರಿಯ ಕೆಳಗೆ ಬರುತ್ತದೆ. ಗಂಡಸರದೂ ಹೆಂಗಸರದೂ. ಹಾಗಾಗಿ ಯಾರ ತಲೆಯೊಳಗೆ ಏನು ಓಡುತ್ತಿದೆ ಎಂದು ಹೇಳುವ ಅಧಿಕಾರ ನನಗಿದೆ ಎಂದೇ ನಾನು ನಂಬಿಕೊಂಡಿದ್ದೆ. ಸಿದೋನಿ ಲಾಬಾದಿಯ ತಲೆಯ ವಿಷಯದಲ್ಲಿ ಮಾತ್ರ ಪೂರ್ತಿ ಮೋಸಹೋದೆ.

ಇಗರ್ಜಿಯ ಪಕ್ಕದ ಎರಡು ಕೋಣೆಯಲ್ಲಿ ಒಬ್ಬಳೇ ಇರುವ ಮುದುಕಿ. ಅಪ್ಪ ಬಿಟ್ಟುಹೋದ ಹೊಲಮನೆ ತಮ್ಮ ಆನ್ಸೆಲ್ಮ್‌ನ ಪಾಲಿಗೆ ಹೋಯಿತು, ಅಲ್ಲಿನ ಬಾತುಕೋಳಿಗಳ ಗಂಟಲು ಮಾತ್ರ ಇವಳ ಪಾಲಿಗೆ ಉಳಿಯಿತು. ಗಿಡ್ಡ ಮಣೆಯ ಮೇಲೆ ಕೂತು, ಬಾತನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಲಾಳಿಕೆಯ ಉದ್ದ ಕೊಳವೆಯನ್ನು ಗಂಟಲಿಗಿಳಿಸಿ, ಮುಸುಕಿನ ಜೋಳ ಸುರಿದು ಹೆಬ್ಬೆರಳಿನಿಂದ ಕತ್ತು ನೀವುತ್ತಿದ್ದಳು. ಹಾಗೆ ತುರುಕಿ ತುರುಕಿ ಲಿವರು ಊದಿದರೇ ಅದು ಫುವಾ ಗ್ರಾ. ಅದಿಲ್ಲದ ಕ್ರಿಸ್ಮಸ್ ಊಟವನ್ನು ನಮ್ಮ ಗಸ್ಕೋನಿ ಸೀಮೆಯವರು ಊಟವೆಂದೇ ಕರೆಯುವುದಿಲ್ಲ. ಸಿದೋನಿಯ ಕೈ ಬಿದ್ದ ಬಾತಿನ ಲಿವರಿಗೆ ಸಂತೆಯಲ್ಲಿ ಜನ ಮುಗಿಬೀಳುತ್ತಿದ್ದರು.

"ಮದುವೆ ಯಾಕಾಗ್ಲಿಲ್ಲ ಸಿದೋನಿ?" ಎಂದು ಒಮ್ಮೆ ಕೇಳಿದ್ದೆ.

"ಗಂಡನಿಗಿಂತ ಬಾತು ವಾಸಿ ಕಣಯ್ಯಾ. ತಿನ್ಸೋವಾಗ ಉಪ್ಪು ಕಮ್ಮಿ ಅನ್ನಲ್ಲ," ಎಂದಿದ್ದಳು.

ಆನ್ಸೆಲ್ಮ್ ಬೇರೆಯೇ ಜಾತಿಯ ಪ್ರಾಣಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಮಾತು ಕೇಳುವವರಿಲ್ಲದೆ, ಊರಿನ ಫುವಾ ಗ್ರಾ ಬಳಗದ ಮುಖ್ಯಸ್ಥನಾದ. ಕೆಂಪು ನಿಲುವಂಗಿ, ಹಳದಿ ಟೋಪಿ, ಎದೆಯ ಮೇಲೆ ಹಿತ್ತಾಳೆಯ ಬಾತು. ಆ ಟೋಪಿ ಏರಿತೆಂದರೆ ಪಾದ್ರಿಯೂ ಅವನ ಕಣ್ಣಿಗೆ ಕೈಕೆಳಗಿನವನು. ಪ್ರತಿ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮೊದಲು ಬಳಗ ನಡೆಸುವ ಫುವಾ ಗ್ರಾ ಹಬ್ಬದಲ್ಲಿ ಹೊರಗಿನಿಂದ ಬಂದವರ ಮುಂದೆ ಅವನದು ಒಂದೇ ಭಾಷಣ: "ಹಿಂಸೆ ಅಂತಾರೆ, ಪಟ್ಟಣದವರು. ನಮ್ಮ ಬಾತುಗಳು ಲಾಳಿಕೆ ಕಂಡ್ರೆ ತಾವೇ ಓಡಿ ಬರ್ತವೆ." ಆ ಮಾತಿಗೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು.

ಅಕ್ಕ ತಮ್ಮ ಇಬ್ಬರಿಗೂ ಅಪ್ಪನಿಂದ ಬಂದದ್ದು ಲಾಬಾದಿ ಮನೆತನದ ಉರಿಹೊಟ್ಟೆ. ಅದು ವಿಪರೀತವಾಗಿ ಹೋದ ವರ್ಷದ ವಸಂತದಲ್ಲಿ ಸಿದೋನಿ ಪಟ್ಟಣದ ಆಸ್ಪತ್ರೆಗೆ ಹೋದಳು. ಬಾಯಿಂದ ಹೊಟ್ಟೆಗೆ ಕೊಳವೆ ಇಳಿಸಿ ನೋಡಿದರಂತೆ. ಮಾರನೆಯ ದಿನ ಬಂದು ನನ್ನ ಕುರ್ಚಿಯಲ್ಲಿ ಕೂತಳು. ದನಿ ಒಡೆದಿತ್ತು.

"ನೋವಾಗಲ್ಲ ಅಜ್ಜಿ, ಬಾಯಿ ತೆಗೀರಿ ಅಂದ ಆ ಡಾಕ್ಟ್ರು."

"ಮತ್ತೆ? ನೋವಾಯ್ತಾ?"

"ಉಸಿರು ಸಿಕ್ಕಾಕ್ಕೊಂಡ್ತು. ಕಣ್ಣಲ್ಲಿ ಬಳಬಳ ನೀರು. ಕೈ ಒದರಿದೆ, ನರ್ಸಮ್ಮ ಅಮುಕಿ ಹಿಡಿದ್ಲು. ಆಗ ಅವನು ಏನಂದ ಗೊತ್ತಾ? ಆಯ್ತು ರಾಣಿ, ಆಯ್ತು ಅಂದ."

"ಪಾಪ, ಸಮಾಧಾನಕ್ಕೆ ಅಂದಿರ್ತಾನೆ."

"ಅದು ನನ್ನ ಮಾತು ಕಣೋ. ಬಾತಿಗೆ ನಾನು ಹೇಳೋ ಮಾತು. ನಂಗೆ ಒಂದೇ ಸಲ ಹಾಕಿದ್ರು. ಅವಕ್ಕೆ ಬೆಳಿಗ್ಗೆ ಒಂದು, ಸಾಯಂಕಾಲ ಒಂದು."

ಅವತ್ತಿನಿಂದ ಲಾಳಿಕೆ ಆನ್ಸೆಲ್ಮ್‌ನ ಕೈಗೆ ಹೋಯಿತು, ಇವಳು ಮುಟ್ಟಲಿಲ್ಲ. ಮುಟ್ಟದೆ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ, ಆದರೆ ಲಾಬಾದಿಗಳಿಗೂ ಸುಮ್ಮನಿರುವುದಕ್ಕೂ ಎಣ್ಣೆ ಸೀಗೆಕಾಯಿ. ಬ್ರೆಡ್ಡಿನ ಸಾಲಿನಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಸತ್ತವರ ಮನೆಯಲ್ಲಿ ಕೂಡ ಅದೇ ಮಾತು. "ನಿಮ್ಮ ಗಂಟಲಿಗೆ ಒಂದ್ಸಲ ಇಳಿಸ್ಕೊಂಡು ನೋಡಿ, ಆಮೇಲೆ ತಿನ್ನಿ." ಊರು ನಕ್ಕಿತು. ಮಾಂಸದಂಗಡಿಯವನು ಅವಳಿಗೆಂದೇ ಒಂದು ಕ್ಯಾರೆಟ್ಟನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, "ಮೂಳೆ ತೆಗ್ದಿದ್ದೀನಿ ಮೇಡಂ" ಎಂದು ಕೊಟ್ಟ. ಅವಳು ಥ್ಯಾಂಕ್ಸ್ ಹೇಳಿ ಅಲ್ಲೇ ನಿಂತು ಕಚಕಚ ತಿಂದಳು.

ನಗದವನು ಆನ್ಸೆಲ್ಮ್ ಒಬ್ಬನೇ. ಹಬ್ಬದ ಹಿಂದಿನ ವಾರ ಅಕ್ಕನ ಮನೆಯ ಬಾಗಿಲಿಗೆ ಬಂದ. "ಮನೇಲಿ ಏನ್ ಬೇಕಾದ್ರೂ ಅನ್ನು. ಹೊರಗಿನವರ ಮುಂದೆ ಬಾಯಿ ಬಿಟ್ಟೆ ಅಂದ್ರೆ ಕ್ರಿಸ್ಮಸ್‌ಗೆ ನನ್ನ ಮನೆ ಹೊಸ್ತಿಲು ತುಳೀಬೇಡ," ಎಂದು ಹೇಳಿ ಹೊರಟುಹೋದ. ಅವನಿಗೆ ಅವಳು, ಅವಳಿಗೆ ಅವನು, ಬೇರೆ ರಕ್ತಸಂಬಂಧ ಯಾವುದೂ ಇಲ್ಲ. ಹುಟ್ಟಿದಾಗಿನಿಂದ ಒಂದು ಕ್ರಿಸ್ಮಸ್ ಊಟವನ್ನೂ ಬೇರೆ ಬೇರೆ ಮೇಜಿನಲ್ಲಿ ಉಂಡವರಲ್ಲ. ಇದನ್ನು ನನಗೆ ಹೇಳುವಾಗ ಸಿದೋನಿ ಅತ್ತಳು. "ಒಂದಿನ ಸುಮ್ನಿದ್ಬಿಡು ಮಾರಾಯ್ತಿ," ಎಂದೆ.

ಹಬ್ಬದ ದಿನ ಅವಳು ಆನ್ಸೆಲ್ಮ್‌ನ ಕೊಟ್ಟಿಗೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬಾಯಿ ಬಿಗಿದುಕೊಂಡಿದ್ದಳು. ಪಕ್ಕದ ಜಾಲರಿ ಬಾಗಿಲ ಹಿಂದೆ ಬಾತುಗಳಿದ್ದವು, ಮುಂದೆ ಪಟ್ಟಣದ ಜನ. ಆನ್ಸೆಲ್ಮ್ ಟೋಪಿ ಸರಿಮಾಡಿಕೊಂಡು, ಲಾಳಿಕೆ ಎತ್ತಿ ಹಿಡಿದು, "ಇದನ್ನ ಕಂಡ್ರೆ ತಾವೇ ಓಡಿ ಬರ್ತವೆ," ಎಂದ. ನಾವು ಚಪ್ಪಾಳೆಗೆ ಕೈ ಎತ್ತಿದ್ದೆವು.

"ಹಂಗಾದ್ರೆ ಬಾಗಿಲು ತೆಗಿ, ತಮ್ಮಾ," ಎಂದಳು ಸಿದೋನಿ.

ಎಲ್ಲರೂ ತಿರುಗಿದರು. ಆನ್ಸೆಲ್ಮ್‌ನ ಮುಖ ನಿಲುವಂಗಿಯ ಬಣ್ಣಕ್ಕೆ ಬಂತು. ತೆಗೆಯದಿದ್ದರೆ ಮಾನ ಹೋಗುತ್ತದೆ. ತೆಗೆದ. ಲಾಳಿಕೆ ಮುಂದೆ ಚಾಚಿ, "ಗಿತ್, ಗಿತ್, ಗಿತ್," ಎಂದು ಕರೆದ.

ಬಾತುಗಳು ಓಡಿದವು ಎನ್ನಲಾರೆ, ಅಷ್ಟು ಹೊಟ್ಟೆ ಹೊತ್ತು ಓಡುವುದು ಎಲ್ಲಿಂದ ಬಂತು. ಏದುಸಿರು ಬಿಡುತ್ತ, ರೆಕ್ಕೆ ಎಳೆಯುತ್ತ, ಒಂದರ ಮೇಲೊಂದು ಬಿದ್ದು ಆ ಕಡೆಯ ಗೋಡೆಗೆ ಹೋಗಿ ಒತ್ತಿಕೊಂಡವು. ಆನ್ಸೆಲ್ಮ್ ಇನ್ನೂ ಕರೆಯುತ್ತಿದ್ದ, ದನಿ ಮಾತ್ರ ಸಣ್ಣದಾಗುತ್ತಿತ್ತು. ಕೊನೆಗೆ ಒಂದು ಬಾತು ಈಚೆ ಹೊರಟಿತು. ಬಳಗದವರ ಮುಖ ಅರಳಿತು. ಅದು ಲಾಳಿಕೆಯನ್ನು ಸುತ್ತುಹಾಕಿ, ಬಾಗಿಲ ಪಕ್ಕದ ನೀರಿನ ಬಕೆಟ್ಟಿಗೆ ಕೊಕ್ಕು ಹಾಕಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ನಾನು ಮೀಸೆ ತೀಡಿಕೊಂಡೆ.

ಆಮೇಲೆ ಆನ್ಸೆಲ್ಮ್ ಅಕ್ಕನ ಜೊತೆ ಮಾತು ಬಿಟ್ಟ. ಬೀದಿಯಲ್ಲಿ ಎದುರಾದರೆ ಆಕಾಶ ನೋಡುತ್ತಿದ್ದ. ಕ್ರಿಸ್ಮಸ್ ಹತ್ತಿರ ಬಂತು. ಸಿದೋನಿ ಕೂದಲಿಗೆ ಸುರುಳಿ ಹಾಕಿಸಿಕೊಳ್ಳಲು ಬಂದಳು. "ಯಾರಿಗೆ ತೋರಿಸೋಕೆ?" ಎಂದರೆ, "ಗೋಡೆಗೆ," ಎಂದಳು. ಅವಳ ತಲೆಯ ತುಂಬ ಸುರುಳಿ ಇದ್ದಾಗಲೇ ಬಾಗಿಲು ತೆರೆಯಿತು. ಕತ್ತರಿಸಲು ಒಂದು ಕೂದಲೂ ಉಳಿದಿಲ್ಲದ ಆನ್ಸೆಲ್ಮ್ ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

"ಜನವರಿಲಿ ನಂಗೂ ಪರೀಕ್ಷೆ ಅಂತೆ," ಎಂದು ಕನ್ನಡಿಗೆ ಹೇಳಿದ.

"ಯಾವ ಪರೀಕ್ಷೆ?" ಸಿದೋನಿಯೂ ಕನ್ನಡಿಯನ್ನೇ ಕೇಳಿದಳು.

"ನಿಂಗೆ ಮಾಡಿದ್ರಲ್ಲ. ಕೊಳವೇದು." ಕೈಯಲ್ಲಿದ್ದ ಟೋಪಿ ಹಿಸುಕಿದ. "ತುಂಬಾ ಕಷ್ಟನಾ ಅಕ್ಕ?"

"ಏನಿಲ್ಲ. ಕೊಳವೆ ಕಂಡ್ರೆ ನೀನೇ ಓಡ್ಹೋಗಿ ಬಾಯಿ ತೆಗೀತೀಯ."

ನನ್ನ ಕೈಯಿಂದ ಬಾಚಣಿಗೆ ಬಿತ್ತು. ಆನ್ಸೆಲ್ಮ್ ಎದ್ದು ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ, ತಲೆ ತಗ್ಗಿಸಿದ. ಸಿದೋನಿ ಹೊದಿಕೆಯ ಕೆಳಗಿನಿಂದ ಕೈ ಚಾಚಿ ಅವನ ಕೈ ಹಿಡಿದಳು.

"ನಾನು ಬರ್ತೀನಿ ಬಿಡು. ಹಿಂಗೇ ಕೈ ಹಿಡ್ಕೊಂಡಿರ್ತೀನಿ. ಬಾತಿಗೆ ಅದೂ ಇಲ್ಲ."

"ಕ್ರಿಸ್ಮಸ್‌ಗೂ ಬಾ," ಎಂದ ಅವನು, ತೀರಾ ಮೆಲ್ಲಗೆ.

"ಬರ್ತೀನಿ. ಆ ಲಿವರು ಮೇಜಿನ ಆ ತುದೀಲಿರ್ಲಿ. ನಂಗೆ ಅಮ್ಮನ ಎಲೆಕೋಸಿನ ಸಾರು ಮಾಡು."

ಸಾರು ತಳ ಹಿಡಿದಿತ್ತಂತೆ. ಪೂರ್ತಿ ಉಂಡಳಂತೆ. ಜನವರಿಯಲ್ಲಿ ಇಬ್ಬರೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬಂದರು. ಬರುವಾಗ ಆನ್ಸೆಲ್ಮ್ ದಾರಿಯುದ್ದಕ್ಕೂ ಗಂಟಲು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ.

ಅವನು ಬಾತು ಸಾಕುವುದನ್ನು ಬಿಟ್ಟನೆಂದು ಹೇಳಿದರೆ ಸುಳ್ಳಾಗುತ್ತದೆ. ಊರೇ ಬದಲಾಯಿತೆಂದರೆ ಇನ್ನೂ ದೊಡ್ಡ ಸುಳ್ಳು. ನಮ್ಮ ಮನೆಯಲ್ಲೂ ನನ್ನ ಹೆಂಡತಿ ಫುವಾ ಗ್ರಾ ತಂದೇ ತರುತ್ತಾಳೆ, ನಾನು ಮಾತ್ರ ಸಿದೋನಿಯ ಮಾತು ನೆನಪಾಗಿ ಆ ತಟ್ಟೆ ಮುಟ್ಟುವುದಿಲ್ಲ. ಆದರೆ ಈ ಡಿಸೆಂಬರಿನ ಹಬ್ಬದಲ್ಲಿ ಪಟ್ಟಣದ ಒಬ್ಬ ಹೆಂಗಸು ಎದ್ದು, "ಲಾಳಿಕೆ ಕಂಡ್ರೆ ಬಾತುಗಳು ತಾವೇ ಓಡಿ ಬರ್ತವಂತೆ, ನಿಜವಾ?" ಎಂದು ಕೇಳಿದಳು. ಆನ್ಸೆಲ್ಮ್ ಬಾಯಿ ತೆರೆದ. ಕೈ ತಾನಾಗಿ ಗಂಟಲಿಗೆ ಹೋಯಿತು. ಹಳದಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಅದನ್ನ ನಮ್ಮಕ್ಕನ್ನ ಕೇಳಿ," ಎಂದ.

ಸಿದೋನಿ ಮಂಡಿ ಹಿಡಿದುಕೊಂಡು ಎದ್ದು ಜಾಲರಿ ಬಾಗಿಲಿನ ಕಡೆ ಹೊರಟಳು. ಆನ್ಸೆಲ್ಮ್ ಯಾರೂ ಹೇಳದೆಯೇ ಅವಳಿಗಿಂತ ಮುಂದೆ ಹೋಗಿ ಚಿಲಕ ತೆಗೆದ.